ಸೈಲೆನ್ಸರಿನ ಬೆಂಕಿ: ಶೋ ಯಾರದ್ದು, ಸುಡುವ ಕೈ ಯಾರದ್ದು?

(ನಮ್ಮ ಸಂಘಟನೆಯ ಕುಟುಂಬ ಸಮ್ಮಿಲನದಲ್ಲಿ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯಲ್ಲಿರುವ ಹಿರಿಯರೇ, ಉಸ್ತಾದರೇ, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿರುವ ತಾಯಂದಿರೇ, ಡ್ಯೂಟಿ ಮುಗಿಸಿ ರೂಮಿಗೂ ಹೋಗದೆ ನೇರ ಇಲ್ಲಿಗೆ ಬಂದಿರುವ ಸಹೋದರರೇ, ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂತಿರುವ ಮಕ್ಕಳೇ,

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಕಾರಿನ ಸೈಲೆನ್ಸರಿನಿಂದ ಬೆಂಕಿ ಬರಿಸುವ ಬಗ್ಗೆ ವೆಲ್ಫೇರ್ ಸಂಘಟನೆಯವರಿಗೆ ಎಂತ ಮಾತಾಡ್ಲಿಕ್ಕೆ ಉಂಟು? ಉಂಟು. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಗ್ಯಾರೇಜುಗಳಲ್ಲಿ ದುಡಿಯುತ್ತಾರೆ ಎಂಬುದು ನಿಮಗೆ ಗೊತ್ತು. ಕಳೆದ ಚಳಿಗಾಲದಲ್ಲಿ ಅಂಥ ಒಬ್ಬ ಹುಡುಗ ಬಲಗೈ ಮೊಣಕೈವರೆಗೆ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮಗೆ ಫೋನ್ ಬಂತು. ಕಸ್ಟಮರ್ ಒಬ್ಬ ಮೊಬೈಲಿನಲ್ಲಿ ಲಾಸ್ ಏಂಜಲೀಸಿನ ವಿಡಿಯೋ ತೋರಿಸಿ "ನನ್ನ ಗಾಡಿಗೂ ಹೀಗೆ ಮಾಡಿಕೊಡು" ಅಂದಿದ್ದ. ಹುಡುಗ ಮಾಡಿದ. ಟೆಸ್ಟ್ ಮಾಡುವಾಗ ಪೈಪಿನೊಳಗೆ ತುಂಬಿದ್ದ ಪೆಟ್ರೋಲಿನ ಆವಿ ಒಮ್ಮೆಲೇ ಹತ್ತಿಕೊಂಡು ಸೈಲೆನ್ಸರಿನ ವೆಲ್ಡಿಂಗ್ ಬಿರಿಯಿತು. ನಾವು ಹೋಗಿ ಗ್ಯಾರೇಜಿನ ಜಾಬ್ ಕಾರ್ಡ್ ನೋಡಿದರೆ ಅದರಲ್ಲಿ ಬರೆದದ್ದು "ಆಯಿಲ್ ಚೇಂಜ್" ಎಂದು ಮಾತ್ರ! ಆ ಹುಡುಗನ ಹೆಸರೂ ಗ್ಯಾರೇಜಿನ ಹೆಸರೂ ಇಲ್ಲಿ ಬೇಡ. ಕೈ ವಾಸಿಯಾಗಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಜಾಬ್ ಕಾರ್ಡ್ ನಮ್ಮ ತಲೆಯಿಂದ ಹೋಗಲಿಲ್ಲ. ಹಾಗಾಗಿ ಆ ವಿಡಿಯೋದ ಹಿಂದೆ ಎಂತ ಉಂಟು ಅಂತ ನಾವು ಹುಡುಕಿ ಓದಿದೆವು. ಅದನ್ನು ಹೇಳ್ತೇವೆ.

ಈ ಬೆಂಕಿಯ ಆಟವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ದಕ್ಷಿಣ ಕ್ಯಾಲಿಫೋರ್ನಿಯಾ. ಎರಡನೇ ಮಹಾಯುದ್ಧದ ಕಾಲಕ್ಕೆ ಲಾಸ್ ಏಂಜಲೀಸ್ ಸುತ್ತಮುತ್ತ ಮತ್ತು ಸ್ಯಾನ್ ಡಿಯಾಗೋದಲ್ಲಿ ವಿಮಾನ ಕಾರ್ಖಾನೆಗಳ ಸಾಲೇ ಇತ್ತು. ಸಾಂಟಾ ಮೋನಿಕಾದಲ್ಲಿ ಡಗ್ಲಸ್, ಬರ್ಬ್ಯಾಂಕಿನಲ್ಲಿ ಲಾಕ್‌ಹೀಡ್, ಸ್ಯಾನ್ ಡಿಯಾಗೋದಲ್ಲಿ ಕನ್ಸಾಲಿಡೇಟೆಡ್. ಕೆಲಸ ಹುಡುಕಿಕೊಂಡು ಒಕ್ಲಹೋಮಾದಿಂದ, ಟೆಕ್ಸಾಸಿನಿಂದ, ಗಡಿಯಾಚೆಯ ಮೆಕ್ಸಿಕೋದಿಂದ ಜನ ಬಂದರು. ಅವರೂ ನಮ್ಮ ಹಾಗೆ ಊರು ಬಿಟ್ಟವರೇ. ಯುದ್ಧ ಮುಗಿದಾಗ ವೆಲ್ಡಿಂಗ್, ಇಂಜಿನ್ ಕೆಲಸ ಎಲ್ಲ ಕಲಿತ ಹುಡುಗರ ಕೈಯಲ್ಲಿ ಸ್ವಲ್ಪ ಹಣವೂ ಇತ್ತು. ಹಳೆಯ ಫೋರ್ಡ್ ಕಾರು ತಕ್ಕೊಂಡು ಅದರ ಬಾಡಿ ಹಗುರ ಮಾಡಿ, ಇಂಜಿನ್ ಬಿಚ್ಚಿ ಜೋಡಿಸಿ ಓಡಿಸತೊಡಗಿದರು. ಅದಕ್ಕೆ ಹಾಟ್ ರಾಡ್ ಎಂದು ಹೆಸರು.

ಈ ಹುಡುಗರನ್ನು ಬೀದಿಯಿಂದ ಎಬ್ಬಿಸಿ, ನಗರದಾಚೆ ಒಣಗಿದ ಕೆರೆಗಳ ಬಯಲಿಗೆ ಕರಕೊಂಡು ಹೋಗಿ, ಗಡಿಯಾರ ಹಿಡಿದು ರೇಸ್ ಮಾಡಿಸಿದ ಒಂದು ಸಂಘ ಉಂಟು. ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, 1937ರಲ್ಲಿ ಶುರುವಾದದ್ದು. 1948ರ ಜನವರಿಯಲ್ಲಿ ಇದೇ ಸಂಘದವರು ಲಾಸ್ ಏಂಜಲೀಸಿನ ಆರ್ಮರಿ ಕಟ್ಟಡದಲ್ಲಿ ಕಾರುಗಳ ಪ್ರದರ್ಶನ ಇಟ್ಟರು. "ಹಾಟ್ ರಾಡ್" ಪತ್ರಿಕೆಯ ಮೊದಲ ಸಂಚಿಕೆ ಮಾರಾಟವಾದದ್ದು ಅಲ್ಲೇ. ಪೊಲೀಸರು ಪುಂಡರೆಂದು ಕರೆಯುತ್ತಿದ್ದ ಹುಡುಗರು ತಾವೇ ಸಂಘ ಕಟ್ಟಿ, ನಿಯಮ ಬರೆದು, ಪತ್ರಿಕೆ ಓದುವಷ್ಟಕ್ಕೆ ಬಂದರು. ಪತ್ರಿಕೆ ಹೊರತರುವ ಕಷ್ಟ ಗೊತ್ತಿರುವ ನಮಗೆ ಇದು ಸಣ್ಣ ಸಂಗತಿ ಅಂತ ಅನ್ನಿಸಲಿಲ್ಲ.

ಈಗ ಬೆಂಕಿ ಹೇಗೆ ಬರ್ತದೆ ಎಂಬುದು. ಗ್ಯಾರೇಜಿನವರು ತಾಳ್ಮೆ ಇಟ್ಟುಕೊಳ್ಳಿ, ಉಳಿದವರಿಗೂ ಅರ್ಥವಾಗಲಿ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸರಿಯಾದ ಇಂಜಿನ್‌ನಲ್ಲಿ ಇದೆಲ್ಲ ಸಿಲಿಂಡರಿನ ಒಳಗೇ ಉರಿದು ಮುಗಿಯುತ್ತದೆ, ಪೈಪಿನಲ್ಲಿ ಬರುವುದು ಹೊಗೆ ಮಾತ್ರ. ಹಳೆಯ ಕಾರುಗಳಲ್ಲಿ ಕಾರ್ಬುರೇಟರ್ ಇತ್ತು. ಇಂಜಿನ್ ಜೋರಾಗಿ ತಿರುಗುವಾಗ ಒಂದು ಸ್ವಿಚ್ ಒತ್ತಿ ಅದರ ಸ್ಪಾರ್ಕ್ ಕಡಿದರೆ, ಇಂಜಿನ್ ತಿರುಗುವಷ್ಟು ಹೊತ್ತು ಪೆಟ್ರೋಲನ್ನು ಎಳೆಯುತ್ತಲೇ ಇರುತ್ತದೆ. ಆದರೆ ಸುಡುವುದಿಲ್ಲ. ಆ ಹಸಿ ಪೆಟ್ರೋಲಿನ ಆವಿ ಪೈಪಿಗೆ ಬರುತ್ತದೆ. ಪೈಪಿನ ತುದಿಯ ಹತ್ತಿರ ಒಂದು ಸ್ಪಾರ್ಕ್ ಪ್ಲಗ್ ಕೂರಿಸಿರುತ್ತಾರೆ, ಅದಕ್ಕೆ ಬೇರೆಯೇ ಕಾಯಿಲ್. ಹಳೆಯ ಮಾಡೆಲ್ ಟಿ ಫೋರ್ಡಿನ ಕಾಯಿಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಕಿಡಿ ಹಾರಿದಾಗ ಆವಿ ಹೊರಗಿನ ಗಾಳಿ ಸೇರಿ ಭಗ್ ಅಂತ ಉರಿಯುತ್ತದೆ. ಅಷ್ಟೇ ಗುಟ್ಟು. ಕೆಲವು ಸೆಕೆಂಡಿನ ಆಟ.

ಗಮನಿಸಿ: ಕಾರು ನಿಂತಿರುತ್ತದೆ. ರಾತ್ರಿ ಹೊತ್ತು, ಬಯಲು ಜಾಗ, ಜನ ದೂರ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು. ಶೋ ಅಂದರೆ ಅದು. ಮತ್ತೆ ಆ ಕಾರಿನ ಧಣಿಯೂ ಮೆಕ್ಯಾನಿಕ್ಕೂ ಒಬ್ಬನೇ. ಸುಟ್ಟರೆ ಅವನ ಕೈ, ಹೋದರೆ ಅವನ ಇಂಜಿನ್. ಇಂಜಿನ್ ಹೋಗುವುದೂ ಹೌದು. ಹಸಿ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಹಾಕುತ್ತದೆ, ಕೆಳಗಿಳಿದು ಆಯಿಲನ್ನೇ ನೀರು ಮಾಡುತ್ತದೆ. ಆವಿ ಪೈಪಿನ ತುದಿಯಲ್ಲಿ ಹತ್ತುವ ಬದಲು ಸೈಲೆನ್ಸರಿನ ಒಳಗೇ ಹತ್ತಿದರೆ ಅದು ಬಾಂಬಿನ ಹಾಗೆ. ನಮ್ಮ ಹುಡುಗನಿಗೆ ಆದದ್ದು ಅದೇ.

ವಿಡಿಯೋ ನೋಡುವ ಮಕ್ಕಳಿಗೆ ಯಾರೂ ಹೇಳದ ಒಂದು ವಿಷಯ ಉಂಟು. ಆ ಹಳೆಯ ಪದ್ಧತಿಯಲ್ಲಿ ಬೆಂಕಿ ಉಗುಳುವ ಲಾಸ್ ಏಂಜಲೀಸಿನ ಕಾರುಗಳು ಬಹಳ ಹಳೆಯವು. 1975ರ ಮಾಡೆಲಿನಿಂದ ಅಮೆರಿಕದ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು. ಸೈಲೆನ್ಸರಿಗಿಂತ ಮೊದಲು ಬರುವ ಡಬ್ಬಿ, ಒಳಗೆ ಜೇನುಗೂಡಿನ ಹಾಗೆ ತೂತುಗಳು, ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪನ. ಹಸಿ ಪೆಟ್ರೋಲ್ ಇದರೊಳಗೆ ಬಂದರೆ ಇಲ್ಲೇ ಉರಿಯುತ್ತದೆ, ಜೇನುಗೂಡು ಕರಗಿ ಮುದ್ದೆಯಾಗಿ ಹೊಗೆಯ ದಾರಿಯೇ ಮುಚ್ಚುತ್ತದೆ. ಹೊಸ ಕಾರಿನಲ್ಲಿ ಬೆಂಕಿ ಬರಿಸಬೇಕಾದರೆ ಈ ಡಬ್ಬಿಯನ್ನೇ ಕತ್ತರಿಸಿ ತೆಗೆಯಬೇಕು, ಮೇಲಿಂದ ಇಂಜಿನ್ನಿನ ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಬೇಕು. ಎಕ್ಸಿಲೇಟರಿನಿಂದ ಕಾಲು ತೆಗೆದಾಗ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುವುದು ಕ್ರಮ. ಅದನ್ನು ನಿಲ್ಲಿಸದಂತೆ ಮಾಡಿ, ಸ್ಪಾರ್ಕನ್ನು ತಡ ಮಾಡಿದರೆ ಪಟಪಟ ಶಬ್ದ, ಬೆಂಕಿ. ಇದು ನಿಂತ ಕಾರಿನ ಆಟ ಅಲ್ಲ, ರಸ್ತೆಯಲ್ಲಿ ಹೋಗುವಾಗಿನದ್ದು. ಹಿಂದೆ ಬೈಕಿನಲ್ಲಿ ಬರುವವನ ಮುಖಕ್ಕೆ.

ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ವಿಷಯ ಬಹಳ ಗಂಭೀರ. 1943ರ ಜುಲೈಯಲ್ಲಿ ಒಂದು ದಿನ ಲಾಸ್ ಏಂಜಲೀಸಿನಲ್ಲಿ ಕಣ್ಣು ಉರಿಸುವ ಹೊಗೆ ಎಷ್ಟು ದಟ್ಟವಾಗಿ ಕವಿಯಿತೆಂದರೆ, ಜಪಾನಿನವರು ವಿಷಗಾಳಿ ಬಿಟ್ಟಿದ್ದಾರೆ ಎಂದು ಜನ ಹೆದರಿದ್ದರು. ಅಲ್ಲಿಂದ ಶುರುವಾದ ಹೋರಾಟ 1967ರಲ್ಲಿ ವಾಯು ಮಂಡಳಿಯವರೆಗೆ ಬಂತು. ಈಗ ಅಲ್ಲಿ ಬಹುತೇಕ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ, 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳಿಗೆ ವಿನಾಯಿತಿ. ಅಲ್ಲಿನ ವಾಹನ ಕಾನೂನಿನ 27153ನೇ ಕಲಮಿನಲ್ಲಿ ಹೊಗೆಯ ಜೊತೆಗೆ "ಬೆಂಕಿಜ್ವಾಲೆ" ಎಂಬ ಪದವೇ ಉಂಟು. ರಸ್ತೆಯಲ್ಲಿ ಅದು ಅತಿಯಾಗಿ ಹೊರಬರುವಂತೆ ವಾಹನ ಓಡಿಸಬಾರದು. ಅಂದರೆ ಈ ಆಟ ಹುಟ್ಟಿ ಬೆಳೆದ ಊರಿನಲ್ಲೇ ಅದಕ್ಕೆ ರಸ್ತೆಯಲ್ಲಿ ಜಾಗ ಇಲ್ಲ. 2022ರ ಜುಲೈಯಲ್ಲಿ ಲಾಸ್ ಏಂಜಲೀಸಿನಲ್ಲಿ ಸಿಕ್ಸ್ತ್ ಸ್ಟ್ರೀಟ್ ಸೇತುವೆ ಹೊಸದಾಗಿ ತೆರೆದದ್ದೇ ತಡ, ಟಯರ್ ಸುಟ್ಟು ಕಾರು ಗಿರಗಿರ ತಿರುಗಿಸುವವರ ಕಾಟಕ್ಕೆ ಪೊಲೀಸರು ಅದನ್ನು ಮತ್ತೆ ಮತ್ತೆ ಮುಚ್ಚಬೇಕಾಯಿತು. ಊರಿಗೆ ಊರೇ ಖುಷಿಪಟ್ಟ ಸೇತುವೆ ಮಾರಾಯ್ರೇ!

ಸ್ಯಾನ್ ಡಿಯಾಗೋ ಕಡೆಯ ಕಥೆ ಬೇರೆ, ನಮಗೆ ಹೆಚ್ಚು ಹಿಡಿಸಿದ್ದು ಅದು. ಅಲ್ಲಿ ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳಿಗೆ ಲೋರೈಡರ್ ಕಾರು ಅಂದರೆ ಜೀವ. ನೆಲಕ್ಕೆ ತಾಗುವಷ್ಟು ತಗ್ಗಿಸಿದ ಹಳೆಯ ಕಾರು, ಕನ್ನಡಿಯಂಥ ಪೈಂಟು, ನಡೆಯುವ ವೇಗದಲ್ಲಿ ಮೆರವಣಿಗೆ. ಇಷ್ಟು ತಗ್ಗಿಸಬಾರದು ಎಂದು 1958ರಲ್ಲಿ ಕಾನೂನು ಬಂದಾಗ ರಾನ್ ಅಗಿರ್ರೆ ಎಂಬವರು ತಮ್ಮ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿ, ಬೇಕಾದಾಗ ಏರಿಸುವ, ಬೇಕಾದಾಗ ಇಳಿಸುವ ಉಪಾಯ ಮಾಡಿದರು. ಸ್ಯಾನ್ ಡಿಯಾಗೋದ ಪಕ್ಕದ ನ್ಯಾಷನಲ್ ಸಿಟಿಯಲ್ಲಿ 1992ರಲ್ಲಿ ಈ ಮೆರವಣಿಗೆಯನ್ನೇ ನಿಷೇಧಿಸಿದರು. ಆ ಜನ ಬೆಂಕಿ ಹಚ್ಚಲಿಲ್ಲ. ಕಾರು ತೊಳೆದು ಒರೆಸಿ, ಮಕ್ಕಳನ್ನು ಕೂರಿಸಿಕೊಂಡು, ಸಿಟಿ ಕೌನ್ಸಿಲಿನ ಸಭೆಗಳಿಗೆ ಹೋಗಿ ಮಾತಾಡಿದರು. 2023ರಲ್ಲಿ ಆ ನಿಷೇಧ ಹೋಯಿತು. ಅದೇ ವರ್ಷ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಪಾಸಾಗಿ 2024ರ ಜನವರಿ 1ರಿಂದ ಇಂಥ ನಿಷೇಧಗಳೆಲ್ಲ ರದ್ದಾದವು, 1958ರ ಆ ತಗ್ಗಿನ ಕಾನೂನೂ ಸೇರಿ. ಮೂವತ್ತು ವರ್ಷ ಹಿಡಿಯಿತು. ಯಾವ ವಿಡಿಯೋದಲ್ಲೂ ಇದು ಬರುವುದಿಲ್ಲ.

ಇನ್ನು ನಮ್ಮ ಜಾಗಕ್ಕೆ ಬರೋಣ. ಎಮಿರೇಟ್ಸಿನಲ್ಲಿ ಗಲಾಟೆ ಶಬ್ದದ ವಾಹನಕ್ಕೆ 2,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟು. ಅಬುಧಾಬಿಯಲ್ಲಿ 2020ರ ಕಾನೂನು, ದುಬೈಯಲ್ಲಿ 2023ರ ಆದೇಶ, ಎರಡರಲ್ಲೂ ಅನುಮತಿ ಇಲ್ಲದೆ ಮಾರ್ಪಡಿಸಿದ ಗಾಡಿ ಸೀಜ್ ಆದರೆ ಬಿಡಿಸಿಕೊಳ್ಳಲು 10,000 ದಿರ್ಹಂ. ಊರಿನಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ರೂಪ ಬದಲಿಸಲಿಕ್ಕಿಲ್ಲ. ಶಬ್ದ, ಹೊಗೆಯ ತಪ್ಪಿಗೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಇಲ್ಲ. ಬೆಂಗಳೂರಿನಲ್ಲಿ ಬೆಂಕಿ ಉಗುಳುವ ಒಂದು ಹಳೆಯ ಕಾರಿಗೆ ಲಕ್ಷ ರೂಪಾಯಿ ಮೀರಿದ ದಂಡ ಬಿದ್ದದ್ದನ್ನು ನೀವೂ ಓದಿರಬಹುದು. ಮಗ ಗಲ್ಫಿನಿಂದ ಕಳಿಸಿದ ಹಣದಲ್ಲಿ ತಮ್ಮನಿಗೆ ಕಾರು ತೆಗೆದುಕೊಟ್ಟ ಉಮ್ಮಂದಿರು ಇಲ್ಲಿ ಇದ್ದೀರಿ. ಸೈಲೆನ್ಸರ್ ಬದಲಿಸಲು ಅವನು ಹಣ ಕೇಳಿದರೆ ಯಾಕೆ ಅಂತ ಕೇಳಿ. ದುಂದಿನ ಬಗ್ಗೆ ಉಸ್ತಾದರು ಹೇಳ್ತಾರೆ, ಅದು ಅವರ ಪಾಲಿನ ಕೆಲಸ.

ಆದರೆ ದಂಡಕ್ಕಿಂತ ನಮಗೆ ಚಿಂತೆ ಮೆಕ್ಯಾನಿಕ್ಕಿನದ್ದು. ದಂಡ ಗಾಡಿಯ ಧಣಿಗೆ. ಕೈ ಸುಡುವುದು ನಮ್ಮವನಿಗೆ. ಎಮಿರೇಟ್ಸಿನ 2021ರ 33ನೇ ಕಾರ್ಮಿಕ ಕಾನೂನಿನಲ್ಲಿ ಕೆಲಸದ ವೇಳೆ ಗಾಯವಾದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದು. ಕೆಲಸಕ್ಕೆ ಬರಲಾಗದಿದ್ದರೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಮತ್ತೂ ವಾಸಿಯಾಗದಿದ್ದರೆ ಇನ್ನಾರು ತಿಂಗಳು ಅರ್ಧ. ಒಳ್ಳೆಯ ಕಾನೂನು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತುಂಟು: ಪ್ರಕಟಿಸಿದ ಸುರಕ್ಷತಾ ಸೂಚನೆಯನ್ನು ಬೇಕೆಂದೇ ಮೀರಿ ಗಾಯ ಮಾಡಿಕೊಂಡವನಿಗೆ ಪರಿಹಾರ ಇಲ್ಲ. "ಪೆಟ್ರೋಲ್ ಹತ್ತಿರ ಕಿಡಿ ಬೇಡ" ಎಂಬ ಬೋರ್ಡು ಗೋಡೆಯಲ್ಲಿ ನೇತಾಡುತ್ತಿದ್ದು, ಜಾಬ್ ಕಾರ್ಡಿನಲ್ಲಿ "ಆಯಿಲ್ ಚೇಂಜ್" ಅಂತ ಇದ್ದರೆ, ನೀವು ಅಲ್ಲಿ ಸ್ಪಾರ್ಕ್ ಪ್ಲಗ್ ಹಿಡಿದು ಎಂತ ಮಾಡ್ತಾ ಇದ್ರಿ ಅಂತ ಕೇಳುವವರಿಗೆ ಉತ್ತರ ಕೊಡುವುದು ಯಾರು?

ಆದ್ದರಿಂದ ಗ್ಯಾರೇಜಿನ ಸಹೋದರರಿಗೆ: ಕಸ್ಟಮರ್ ಇಂಥದ್ದು ಕೇಳಿದರೆ ಜಗಳ ಬೇಡ. "ಜಾಬ್ ಕಾರ್ಡಿನಲ್ಲಿ ಬರೆದುಕೊಡಿ, ಅರ್ಬಾಬ್ ಸಹಿ ಮಾಡಲಿ" ಅನ್ನಿ. ಹೆಚ್ಚಿನ ಸಲ ಮಾತು ಅಲ್ಲಿಗೇ ಮುಗಿಯುತ್ತದೆ, ಇದಕ್ಕೆ ಯಾರೂ ಸಹಿ ಹಾಕುವುದಿಲ್ಲ. ಸಹಿ ಹಾಕಿದರೂ ಕಾನೂನು ಬದಲಾಗುವುದಿಲ್ಲ, ಆಗ ನಮಗೆ ಫೋನ್ ಮಾಡಿ, ನಾವು ಬಂದು ಮಾತಾಡ್ತೇವೆ. ಐವತ್ತು ದಿರ್ಹಂ ಟಿಪ್ಸಿನ ಆಸೆಗೆ ಲಂಚ್ ಬ್ರೇಕಿನಲ್ಲಿ ಕದ್ದು ಮಾಡುವುದಂತೂ ಬೇಡವೇ ಬೇಡ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬೇಡಿ, ಪೌಡರ್ ಅಥವಾ ಫೋಮ್ ಸಿಲಿಂಡರೇ ಆಗಬೇಕು. ನಿಮ್ಮ ಗ್ಯಾರೇಜಿನಲ್ಲಿ ಅದು ಎಲ್ಲಿದೆ, ಅದರ ಡೇಟ್ ಮುಗಿದಿದೆಯಾ ಅಂತ ನಾಳೆಯೇ ನೋಡಿ.

ಹಿಂದಿನ ಸಾಲಿನ ಮಕ್ಕಳೇ, ನಿಮಗೆ ಕಾರಿನ ಹುಚ್ಚು ಇದ್ದರೆ ಇರಲಿ, ಅದು ಕೆಟ್ಟದ್ದಲ್ಲ. ಮುಂದಿನ ಶುಕ್ರವಾರ ಅಸರ್ ನಮಾಝ್ ಮುಗಿದ ಮೇಲೆ ಆಫೀಸಿಗೆ ಬನ್ನಿ. ಮೂವತ್ತು ವರ್ಷ ಇಂಜಿನ್ ಕೆಲಸ ಮಾಡಿದ ನಮ್ಮ ಹಿರಿಯ ಕಾಕ ಒಬ್ಬರು ಕರಗಿ ಮುದ್ದೆಯಾದ ಒಂದು ಕೆಟಲಿಟಿಕ್ ಕನ್ವರ್ಟರನ್ನು ಕೊಯ್ದು ತೋರಿಸ್ತಾರೆ, ಹಳೆಯ ಕಾರ್ಬುರೇಟರ್ ಒಂದನ್ನು ನಿಮ್ಮ ಕೈಯಿಂದಲೇ ಬಿಚ್ಚಿಸಿ ಜೋಡಿಸ್ತಾರೆ. ಹಳೆಯ ಅಂಗಿ ಹಾಕಿಕೊಂಡು ಬನ್ನಿ, ಗ್ರೀಸ್ ತಾಗ್ತದೆ.