ಬೆನ್ನಿನ ಮಣ್ಣು

ಮಣ್ಣಿನ ಕುಸ್ತಿಯಲ್ಲಿ ಸೋಲಿನ ಸಾಕ್ಷಿ ಸೋತವನ ಬೆನ್ನ ಮೇಲೇ ಇರುತ್ತದೆ. ಎರಡೂ ಹೆಗಲು ನೆಲಕ್ಕೆ ತಾಗಿದರೆ ಪೈಲ್ವಾನ ಚಿತ್. ಅಂಕದ ಲೆಕ್ಕವಿಲ್ಲ, ಗಡಿಯಾರದ ಹಂಗಿಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಜಾತ್ರೆ, ಉರುಸುಗಳಲ್ಲಿ ನಡೆಯುವ ಜಂಗೀ ನಿಕಾಲಿ ಕುಸ್ತಿಯ ನಿಯಮ ಇಷ್ಟೇ: ನಿಕಾಲಿ ಆಗುವವರೆಗೆ, ಅಂದರೆ ಸೋಲು-ಗೆಲುವು ತೀರುವವರೆಗೆ ಸೆಣಸಬೇಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಈ ಸಾಕ್ಷಿಯನ್ನು ಒಪ್ಪದವರ ಮೇಲೆ ಹುಟ್ಟಿದ್ದು. ಆ ಮಾತು ಪೂರಾ ಸುಳ್ಳೂ ಅಲ್ಲ. ಚಿತ್ ಆದವನ ಮೀಸೆ ಆಕಾಶವನ್ನೇ ನೋಡುತ್ತಿರುತ್ತದೆ.

ಬೆನ್ನಿಗೆ ಮಣ್ಣು ಹತ್ತಿದ್ದು ನಿಜ, ಆದರೆ ಹತ್ತಿಸಿಕೊಳ್ಳಲು ಒಪ್ಪಿಕೊಂಡೇ ಬಂದಿದ್ದರೆ? ಮೊದಲೇ ಮಾತಾಡಿಕೊಂಡು ಆಡುವ ಇಂಥ ಆಟಕ್ಕೆ ಮರಾಠಿ ಸೀಮೆಯಲ್ಲಿ ನುರಾ ಕುಸ್ತಿ ಎನ್ನುತ್ತಾರೆ. ಅದನ್ನು ಹಿಡಿಯುವವರು ಕಣದ ಅಂಚಿಗೆ ಕುಳಿತ ಮುದುಕರು. ಅವರೂ ಒಂದು ಕಾಲಕ್ಕೆ ಲಂಗೋಟಿ ಬಿಗಿದವರೇ. ಪಟ್ಟು ಬಿದ್ದಾಗ ಕತ್ತಿನ ನರ ಉಬ್ಬಲಿಲ್ಲ, ಬಿದ್ದವನ ಉಸಿರು ಏರಲಿಲ್ಲ ಎಂದರೆ ಅವರಿಗೆ ಅಷ್ಟೇ ಸಾಕು.

ನಂಬಿಕೆಯ ಮಾತು ಗರಡಿ ಮನೆಯಿಂದ ಶುರುವಾಗುತ್ತದೆ. ಅಲ್ಲಿ ಹನುಮಂತನಿದ್ದಾನೆ, ಚಪ್ಪಲಿ ಹೊರಗೆ ಉಳಿಯುತ್ತದೆ. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕೂಡಿಸಿ ಹದ ಮಾಡಿದ ಕೆಮ್ಮಣ್ಣನ್ನು ಮುಟ್ಟಿ ನಮಸ್ಕರಿಸಿಯೇ ಕಣಕ್ಕೆ ಇಳಿಯುವುದು. ಮುಸ್ಲಿಂ ಪೈಲ್ವಾನರೂ ಅದೇ ಮಣ್ಣು ಮುಟ್ಟುತ್ತಾರೆ. ಗರಡಿಯ ಮಾತುಗಳೇ ಬೆರಕೆ: ಪೈಲ್ವಾನ, ಉಸ್ತಾದ ಪಾರಸಿಯವು, ತಾಲೀಮು ಅರಬ್ಬಿಯದು. ಜಟ್ಟಿಯ ಮೂಲ ಬೇರೆ: ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಗ್ರಂಥ 12ನೇ ಶತಮಾನದಲ್ಲೇ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿತ್ತು. ಅದರ ಜ್ಯೇಷ್ಠಿಕನೇ ಜನರ ಬಾಯಲ್ಲಿ ಜಟ್ಟಿಯಾದ.

ಕಾದಾಟ ಬಿಸಿಯೇರಿದಾಗ ಪೈಲ್ವಾನ ಒಂದು ಹಿಡಿ ಮಣ್ಣೆತ್ತಿ ಎದುರಾಳಿಯ ಬೆನ್ನಿಗೆ, ತೋಳಿಗೆ ಉಜ್ಜುತ್ತಾನೆ. ಔದಾರ್ಯವೇನಲ್ಲ, ಬೆವರಿದ ಮೈ ಜಾರುತ್ತದೆ. ಹಗೆ ಎಷ್ಟೇ ಇರಲಿ, ಎದುರಾಳಿ ಕೈಗೆ ಸಿಗಬೇಕು. ಸಿಗದಿದ್ದರೆ ಏನಾಗುತ್ತದೆ ಎಂಬುದು 1910ರಲ್ಲಿ ಲಂಡನ್ನಿನಲ್ಲಿ ಕಂಡಿತು. ಭಾರತದ ಪೈಲ್ವಾನ ಗಾಮಾನ ಎದುರು ಪೋಲೆಂಡಿನ ಝಿಬಿಸ್ಕೊ ಎರಡೂವರೆ ತಾಸು ಬಹುಪಾಲು ನೆಲ ಕಚ್ಚಿಯೇ ಉಳಿದು ಸಮ ಮಾಡಿಕೊಂಡ. ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಹದಿನೆಂಟು ವರ್ಷದ ಬಾಕಿ ಒಂದು ನಿಮಿಷದೊಳಗೆ ಚುಕ್ತಾ ಆಯಿತು.

ಪದಕದ ಆಸೆಯುಳ್ಳ ಹುಡುಗರು ಈಗ ಮ್ಯಾಟಿನ ಕಡೆ ಹೊರಳಿದ್ದಾರೆ. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಟ್ಟಿಗೆ ತಕ್ಕ ಅಂಕ. ತೀರ್ಪಿನ ಮೇಲೆ ಅನುಮಾನ ಬಂದರೆ ತರಬೇತುದಾರ ಮೂಲೆಯಿಂದ ಸ್ಪಂಜಿನ ತುಂಡೊಂದನ್ನು ಮ್ಯಾಟಿಗೆ ಎಸೆಯುತ್ತಾನೆ, ವಿಡಿಯೋ ಹಿಂದಕ್ಕೆ ಓಡುತ್ತದೆ. ಅನುಮಾನ ಸುಳ್ಳಾದರೆ ಎದುರಾಳಿಗೆ 1 ಅಂಕ. ಜಾತ್ರೆಯ ಕಣದ ಮುದುಕರು ಮಾತ್ರ ಇನ್ನೂ ಪುಕ್ಕಟೆಯಾಗಿಯೇ ನುರಾ ಎಂದು ಕೂಗುತ್ತಾರೆ.