ಗೋಪ್ಯ ವರದಿಯ ಭಾಷೆ

ಕಡೂರು, ತರೀಕೆರೆ, ಅಜ್ಜಂಪುರದ ರೈತರು ಎತ್ತನ್ನು ಹೊಗಳಿಕೆ ಕೇಳಿ ಕೊಳ್ಳುವವರಲ್ಲ. ನೊಗಕ್ಕೆ ಹೂಡಿ, ನಡೆ ನೋಡಿ ಬೆಲೆ ಕಟ್ಟುತ್ತಾರೆ. ಮೈಸೂರು ಸೈನ್ಯದ ಫಿರಂಗಿಗಳನ್ನೆಳೆದ ಅಮೃತಮಹಲ್ ತಳಿಯ ಸೀಮೆಯಲ್ಲವೇ ಇದು! ಸೈನಿಕನ ಬಡ್ತಿಗೆ ಆಧಾರವಾದ ವಾರ್ಷಿಕ ಗೋಪ್ಯ ವರದಿಗೂ ಈ ಎಚ್ಚರ ಬೇಕು.

ಗಡಿ ರಸ್ತೆ ಸೇವೆಯ ಎಂಜಿನಿಯರೊಬ್ಬರಿಗೆ 1993–94ರ ವರದಿಯ ‘ಉತ್ತಮ’ ಎಂಬ ಮಾತೇ ಬಡ್ತಿಗೆ ಅಡ್ಡಿಯಾಯಿತು; ಬೇಕಿದ್ದುದು ‘ಬಹಳ ಉತ್ತಮ’. 2008ರ ದೇವ್ ದತ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದಿತು. ಸೈನ್ಯವನ್ನು ಮಾತ್ರ ಹೊರತುಪಡಿಸಿತು.

ಆದ್ದರಿಂದಲೇ ಅಲ್ಲಿನ ಮೇಲಧಿಕಾರಿಗೆ ಬರವಣಿಗೆಯ ತರಬೇತಿ ಹೆಚ್ಚು ಅಗತ್ಯವೆಂದು ನನ್ನ ಎಣಿಕೆ. ವಿಶೇಷಣಗಳನ್ನು ಬಿಟ್ಟು ಕಾರ್ಯವನ್ನು ಬರೆಯಲಿ: ಯಾವ ಹೊಣೆ ವಹಿಸಿದ್ದೆವು, ಹೇಗೆ ನಿರ್ವಹಿಸಿದ, ಫಲವೇನು. ಎದುರುತ್ತರ ಹೇಳಲಾರದವನ ಕುರಿತ ಬರಹದಲ್ಲಿ ನ್ಯಾಯವೆಲ್ಲ ಲೇಖನಿ ಹಿಡಿದವನ ಕೈಯಲ್ಲೇ ಇದೆ.