ಕಣ್ಣಿಗೆ ಬೀಳದ ಹೊಣೆ

ಅಮೆರಿಕ, ಕೆನಡಾಗಳ ಮನೆಗಳಲ್ಲಿ ನೆಲಮಾಳಿಗೆ ಸಾಮಾನ್ಯ. ಅಲ್ಲಿ ಸಾವಿರಾರು ಲೀಟರ್ ಹಿಡಿಯುವ ಮೀನಿನ ತೊಟ್ಟಿಯನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳಿದ್ದಾರೆ. ನೋಡುವವರ ಗಮನವೆಲ್ಲ ಬಣ್ಣದ ಮೀನುಗಳ ಮೇಲೆ. ಆದರೆ ತೊಟ್ಟಿಯನ್ನು ಉಳಿಸುವುದು ಕಣ್ಣಿಗೆ ಬೀಳದ ಸಂಗತಿಗಳು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 5,000 ಲೀಟರ್ ಎಂದರೆ 5 ಟನ್. ಮಹಡಿ ತಾಳಲಾರದ ಈ ಭಾರವನ್ನು ಮಣ್ಣಿನ ಮೇಲೆ ಕೂತ ನೆಲಮಾಳಿಗೆಯ ಕಾಂಕ್ರೀಟು ಹೊರಬಲ್ಲದು. ಗಾಜಿನ ಮೇಲಿನ ಒತ್ತಡ ಹೆಚ್ಚುವುದು ತೊಟ್ಟಿಯ ಉದ್ದದಿಂದಲ್ಲ, ನೀರಿನ ಆಳದಿಂದ. ಆಳ ಎರಡು ಪಟ್ಟಾದರೆ ಗಾಜನ್ನು ಹೊರಗೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನೀರು ತುಂಬಿದೊಡನೆ ಮೀನು ಬಿಡುವಂತೆಯೂ ಇಲ್ಲ. ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳೇ ಬೇಕು.

ಇಷ್ಟೆಲ್ಲ ಯಾಕೆ, ಸಣ್ಣ ಗಾಜಿನ ಬೋಗುಣಿ ಸಾಲದೇ ಎನ್ನಬಹುದು. ಆದರೆ ಸ್ವಲ್ಪ ನೀರಿನಲ್ಲಿ ವಿಷ ಬೇಗ ಏರುತ್ತದೆ, ಬಿಸಿ ತಂಪು ಬೇಗ ಬದಲಾಗುತ್ತದೆ. ಮೀನಿಗೆ ದೊಡ್ಡ ತೊಟ್ಟಿಯೇ ಹಿತ. ಒಡೆದರೆ ಏನು ಗತಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2022ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಅಕ್ವಾಡೋಮ್ ಎಂಬ ಭಾರಿ ಮೀನಿನ ತೊಟ್ಟಿ ಒಡೆದು ಸುಮಾರು 10 ಲಕ್ಷ ಲೀಟರ್ ನೀರು ಹೊರನುಗ್ಗಿತು. ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಪರಿಣತರು ಕಟ್ಟಿದ್ದಕ್ಕೇ ಹೀಗಾದರೆ ಹವ್ಯಾಸಿ ಇನ್ನಷ್ಟು ಎಚ್ಚರವಾಗಿರಬೇಕು. ಆಳ ಮಿತವಾಗಿರಲಿ, ಗಾಜು ದಪ್ಪವಾಗಿರಲಿ. ಮೊದಲು ಬರೀ ನೀರು ತುಂಬಿ ಪರೀಕ್ಷಿಸಲಿ. ಸೋರಿದ ನೀರಿಗೆ ಹೊರದಾರಿಯೂ, ಕರೆಂಟು ಹೋದಾಗ ಪಂಪಿಗೆ ಬದಲಿ ಏರ್ಪಾಡೂ ಇರಲಿ. ಜೀವವೊಂದನ್ನು ಮನೆಗೆ ತಂದ ಮೇಲೆ ಅದರ ಉಸಿರಿನ ಹೊಣೆಯೂ ನಮ್ಮದೇ. ಅದನ್ನು ಹೊರಲಾರದವರು ತೊಟ್ಟಿ ಕಟ್ಟದಿರುವುದೇ ಲೇಸು.